ಕೊನೆಯ ಸರದಿ

ಮತದಾನದ ಮರುದಿನ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ಮೇಲೆ ಇನ್ನೂ ಸಿಟ್ಟಿನಲ್ಲೇ ಇರುವ ತಂಗಿಯ ನಮಸ್ಕಾರ.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕೇರಿಯವರಿಗೆ ಓಟಿನ ಬೆಲೆ ಗೊತ್ತಿಲ್ಲ, ಮನೆಯಲ್ಲಿ ಸುಮ್ಮನೆ ಕೂತಿರುವ ಅಮ್ಮನಿಗೂ ಮತಗಟ್ಟೆಗೆ ಹೋಗಲು ಸೋಮಾರಿತನವೇ ಎಂದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ. ನಿಮ್ಮ ಚುನಾವಣಾ ಕಚೇರಿಯ ಪೋಸ್ಟರ್ ನಮ್ಮ ಆಸ್ಪತ್ರೆಯ ಲಾಂಡ್ರಿ ಗೋಡೆಗೂ ಬಂದಿದೆ. ಅದರಲ್ಲಿ ಬೆರಳು ತೋರಿಸಿ ನಗುವ ಹುಡುಗಿ ಒಂದು ದಿನ ನಮ್ಮ ಜೊತೆ ಒದ್ದೆ ಬೆಡ್‌ಶೀಟು ಎತ್ತಲಿ, ಆಮೇಲೂ ನಗುತ್ತಾಳೋ ನೋಡೋಣ.

ರಜೆ ಇತ್ತಲ್ಲ ಎನ್ನುತ್ತೀಯ. ಕಾಗದದ ಮೇಲೆ ಇತ್ತು. "ರೋಗಿಗಳಿಗೆ ರಜೆ ಇದೆಯೇನಮ್ಮ?" ಎಂದು ಸೂಪರ್‌ವೈಸರ್ ಕೇಳಿದ. ಹೋಗಿ, ಆದರೆ ಒಮ್ಮೆಗೆ ಒಬ್ಬರೇ, ಮಷೀನು ನಿಲ್ಲಬಾರದು ಎಂದ. ನಾನೇ ಮುಂದೆ ನಿಂತು ಸರದಿ ಗೊತ್ತು ಮಾಡಿದೆ. ದಿನಾ ಊಟಕ್ಕೆ ಏಳುವ ಕ್ರಮವೇ ಎಲ್ಲರ ಬಾಯಲ್ಲೂ ಬಂತು: ಎಳೆಮಕ್ಕಳ ತಾಯಂದಿರು ಮೊದಲು, ಎಲ್ಲರಿಗಿಂತ ಹಿರಿಯಳು ಕೊನೆಗೆ. ಕೊನೆಯವಳ ಹಿಂದೆ ಸರದಿಗಾಗಿ ಯಾರೂ ಕಾಯುತ್ತಿರುವುದಿಲ್ಲ, ಅವಳು ನಿಧಾನವಾಗಿ ಕೂತು ಉಣ್ಣಬಹುದು. ಅದು ನಾವು ಹಿರಿಯರಿಗೆ ಕೊಡುವ ಮರ್ಯಾದೆ. ಮತಗಟ್ಟೆ ಊಟದ ಡಬ್ಬಿಯಲ್ಲ, ಅದರ ಬಾಗಿಲು ಹಾಕುತ್ತಾರೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಈ ಸಲ ನಮ್ಮ ಕೇರಿಯಿಂದಲೇ ಕಸ ಗುಡಿಸುವ ಹೆಣ್ಣೊಬ್ಬಳು ಚುನಾವಣೆಗೆ ನಿಂತಿದ್ದಾಳೆ. ಅವಳಿಗೆ ಓಟು ಹಾಕಬೇಕೆಂದು ಹಿರಿಯಾಕೆ ಎತ್ತಿಟ್ಟಿದ್ದ ಒಳ್ಳೆಯ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು. ಬೆಳಿಗ್ಗೆ ಹೋದವರು ಬೇಗ ಬಂದರು. ಮಧ್ಯಾಹ್ನದ ಮೇಲೆ ಅಲ್ಲಿ ಸಾಲು ಬೆಳೆಯಿತು, ಇಲ್ಲಿ ಆಪರೇಷನ್ ಥಿಯೇಟರಿನ ಬಟ್ಟೆ ರಾಶಿ ಬಿತ್ತು. ಇಸ್ತ್ರಿಯವಳು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೊರಡು ಎಂದು ನಾನು ಗದರಿದರೂ ಹಿರಿಯಾಕೆ ಏಳಲಿಲ್ಲ. "ಮಷೀನ್ ಬಿಟ್ಟು ಹೋದ್ರೆ ನಿನ್ನ ತಲೆ ಮೇಲೆ ಬರುತ್ತೆ ಕಣೆ, ಇರ್ಲಿ" ಎಂದಳು.

ಕೊನೆಗೆ ಇಸ್ತ್ರಿಯವಳು ಬಂದ ಮೇಲೆ ಹಿರಿಯಾಕೆ ಓಡಿ ಮತಗಟ್ಟೆ ತಲುಪುವಷ್ಟರಲ್ಲಿ ಗೇಟು ಹಾಕಿತ್ತು. "ಇಷ್ಟೊತ್ತು ನಿದ್ದೆ ಮಾಡ್ತಿದ್ದೆಯಾ ಅಜ್ಜಿ?" ಎಂದನಂತೆ ಕಾವಲಿನವನು. ವಾಪಸ್ ಬಂದು ಏನೂ ಆಗದವಳ ಹಾಗೆ ಬಟ್ಟೆ ಮಡಿಸತೊಡಗಿದಳು. ನಾನು ಸೂಪರ್‌ವೈಸರ್ ಮೇಲೆ ಕೂಗಾಡಿದೆ. "ಹೋಗ್ಬೇಡಿ ಅಂದ್ನೇನು ನಾನು?" ಎಂದ. ನಿಜ, ಅಂದಿರಲಿಲ್ಲ. ಯಾರೂ ಅನ್ನುವುದಿಲ್ಲ ಅಕ್ಕ, ಅದಕ್ಕೇ ಮೈ ಉರಿಯುತ್ತದೆ.

ಇನ್ನು ಮುಂದೆ ಪೋಸ್ಟರಿನಲ್ಲಿ ನಮಗೆ ಬುದ್ಧಿ ಹೇಳುವುದು ಸಾಕು. ನಮ್ಮ ಪಾಳಿ ಮುಗಿಯುವವರೆಗೆ ಬಾಗಿಲು ತೆರೆದಿಡಿ ಎಂದು ನಿಮ್ಮ ಸಾಹೇಬರಿಗೆ ಹೇಳು.

ಇಂತಿ,
ಬೈಸಿಕೊಂಡು ಸಾಕಾಗಿರುವ ನಿನ್ನ ತಂಗಿ

ತಾ.ಕ.: ಅಮ್ಮ ಮನೆಯಲ್ಲಿ ಕೂತಿಲ್ಲ. ನನ್ನೊಬ್ಬಳ ಸಂಬಳದಲ್ಲಿ ಮನೆ ನಡೆಯದೆ ಹೋದ ವರ್ಷದಿಂದ ನಮ್ಮ ಲಾಂಡ್ರಿಗೇ ಬರುತ್ತಿದ್ದಾಳೆ. ನಿನಗೆ ಹೇಳಕೂಡದೆಂದು ಆಣೆ ಮಾಡಿಸಿಕೊಂಡಿದ್ದಳು. ಅಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. ನಿನ್ನೆ ನೀನು ಬೈಯುವಾಗ ಪಕ್ಕದಲ್ಲೇ ಇದ್ದಳು, ಎಲ್ಲ ಕೇಳಿಸಿತು. "ಅವಳು ಹೇಳೋದು ಸರೀನೇ ಕಣೆ, ಇನ್ನೂ ಸ್ವಲ್ಪ ಜೋರಾಗಿ ಓಡ್ಬೇಕಿತ್ತು ನಾನು" ಎಂದಳು.