ನಿಂಬೆವ್ವನ ಹೆಸರಿನ ನೀರು

ಸವಳುಹೊಲ
೩೦ ಫೆಬ್ರವರಿ ೨೨೩೧

ಅಜ್ಜಿಯ ಅಜ್ಜಿಗೂ ಹಿಂದಿನ ಹಿರಿಯರಾದ ನಿಂಬೆವ್ವನವರಿಗೆ,

ದಿನಾಂಕ ತಪ್ಪಿಲ್ಲ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಕಳಿಸುವ ಪತ್ರ. ತಲುಪುತ್ತದೆಯೇ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ.

ನಾವು ಮಾರ್ಮನ್ನರು, ಕ್ರಿಸ್ತನನ್ನು ನಂಬಿದವರಲ್ಲಿ ಒಂದು ಪಂಗಡ. ಈ ಊರನ್ನು ಕಟ್ಟಿದವರು ನಮ್ಮ ಮೊದಲ ಹಿರಿಯರಾದ ಯೆಶಾಯ ಹನಗಂಡಿ, ಬೆಟಗೇರಿಯ ನೇಕಾರರ ಮನೆಯವರು. ಕಾಲುವೆ ನೀರು ಹೆಚ್ಚಾಗಿ ಸವಳು ಹಿಡಿದು, ಎಲ್ಲರೂ ಬಿಟ್ಟುಹೋದ ನೆಲಕ್ಕೆ ಅವರು ನಲವತ್ತು ಮನೆತನಗಳನ್ನು ಕರೆತಂದರು. ಬಸಿಗಾಲುವೆ ತೋಡಿಸಿ ಉಪ್ಪನ್ನು ತೊಳೆದರು. ಈಗ ಜೋಳ ಬರುತ್ತದೆ. ಅವರ ಪ್ರತಿಮೆ ಎಲ್ಲೂ ಇಲ್ಲ. ಅವರು ಉಳಿದಿರುವುದು ನಮ್ಮ ಅಭ್ಯಾಸಗಳಲ್ಲಿ. ನಾವು ಚಹಾ ಕುಡಿಯುವುದಿಲ್ಲ, ಬಂದವರಿಗೆ ಹುರಿದ ಗೋಧಿಯ ಕಷಾಯ ಕೊಡುತ್ತೇವೆ. ತೀರಿಕೊಂಡವರನ್ನೂ ನಾವು ಹೊರಗೆ ಬಿಡುವುದಿಲ್ಲ. ಹೆಸರುಗೊಳ ಎಂಬ ಕೊಳದಲ್ಲಿ ಬದುಕಿರುವವರು ಇಳಿದು, ಸತ್ತ ಹಿರಿಯರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಾರೆ.

ನಾಳೆ ನನ್ನ ಮಗಳು ರೆಬೆಕ್ಕ ನಿಮ್ಮ ಹೆಸರಿನಲ್ಲಿ ಮುಳುಗಬೇಕೆಂದಿದ್ದಾಳೆ. ಮನೆಯ ಹಿರಿಯಳಾದ ನಾನು ಒಪ್ಪಿಗೆ ಕೊಡಬೇಕು. ನಮ್ಮಲ್ಲಿರುವ ನಿಮ್ಮ ಒಂದೇ ಚಿತ್ರದಲ್ಲಿ ಕೊರಳಲ್ಲಿ ಲಿಂಗದ ಕರಡಿಗೆ ಇದೆ. ಲಿಂಗ ಕಟ್ಟಿಕೊಂಡವರು ಅದನ್ನು ಮೈಯಿಂದ ಅಗಲಿಸುವುದಿಲ್ಲವೆಂದು ಓದಿದ್ದೇನೆ.

ರೆಬೆಕ್ಕಳಿಗೂ ಅನುಮಾನ ಬಂತು. "ಅಜ್ಜಿ ಬ್ಯಾಡ ಅಂದ್ರ?" ಎಂದು ಕೊಳ ನೋಡಿಕೊಳ್ಳುವ ಡೊರ್ಕಾಸವ್ವನನ್ನು ಕೇಳಿದಳು.

"ಬ್ಯಾಡ ಅಂದ್ರ ಬಿಡ್ತಾಳವಾ, ನಾವೇನ್ ಕಟ್ಟಿ ಹಾಕ್ತೀವೇನು? ಬೀಗರು ಹೋಳಿಗಿ ಬಡಿಸಾಕ ಬಂದ್ರ ಎಲಿ ಮ್ಯಾಲೆ ಕೈ ಅಡ್ಡ ಹಿಡೀತೀವಿಲ್ಲ, ಹಂಗ," ಎಂದು ಆಕೆ ನಕ್ಕಳು.

ಅದು ಸರಿಯೇ. ಸತ್ತವರು ಈ ಸ್ನಾನವನ್ನು ನಿರಾಕರಿಸಬಹುದೆಂದು ಹನಗಂಡಿಯವರೂ ಬೋಧಿಸಿದ್ದರು. ಆದರೆ ಆ ನಿರಾಕರಣೆ ನಮಗೆ ಕೇಳಿಸುವ ಏರ್ಪಾಡನ್ನು ಅವರು ಮಾಡಲಿಲ್ಲ. ಉಪ್ಪು ಮೇಲೆ ಬಂದರೆ ನೆಲ ಬೆಳ್ಳಗಾಗಿ ತಿಳಿಸುತ್ತದೆ. ನೀವು ಹೇಗೆ ತಿಳಿಸುತ್ತೀರಿ?

ಮೊದಲು ಕೇಳೋಣ ಎಂದೆ. "ಸತ್ತವ್ರನ್ನ ಏನ್ ಕೇಳ್ತೀ ಯವ್ವಾ, ನಿಂದೊಂದು," ಎಂದು ಮಗಳು ಎದ್ದು ಹೋದಳು.

ಇದನ್ನು ಓದುವ ಹೊತ್ತಿಗೆ ನೀವು ಬದುಕಿರುತ್ತೀರಿ. ಬೇಕು ಎಂದೋ ಬೇಡ ಎಂದೋ ಮಕ್ಕಳ ಮುಂದೆ ಹೇಳಿಬಿಡಿ. ಮನೆಯ ಮಾತಾಗಿ ಅದು ಇಳಿದು ಬರಲಿ. ಈ ಸಾಲು ಬರೆಯುವಾಗ ಅಂಥ ಮಾತು ಯಾವುದೂ ನನ್ನ ನೆನಪಿನಲ್ಲಿಲ್ಲ. ನಾಳೆ ಬೆಳಿಗ್ಗೆ, ನಮ್ಮ ಅವ್ವ ಹೀಗೆ ಹೇಳುತ್ತಿದ್ದಳಲ್ಲ ಎಂದು ಇದ್ದಕ್ಕಿದ್ದಂತೆ ನೆನಪಾದರೆ ಹಾಗೆಯೇ ನಡೆಯುತ್ತೇನೆ. ನೆನಪಾಗದಿದ್ದರೆ ಒಪ್ಪಿಗೆ ಕೊಡುವುದಿಲ್ಲ. ಮಗಳು ಮುನಿಸಿಕೊಳ್ಳಲಿ.

ನಿಮ್ಮ ಮನೆತನದ
ಲಿದಿಯಾ