ಮೂರು ದಿನಕ್ಕೆ ಒಣಗುವ ಖರ್ಜೂರದ ಮರ

ಶಾಲೆಗಳಿಗೆ ಲೆಕ್ಕದ ಆಟ ಹಂಚಿದ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಆಟ ನನ್ನ ಮೊಮ್ಮಗಳಿಗೆ ಲೆಕ್ಕದ ಭಯ ಹುಟ್ಟಿಸಿದೆ. ಅರ್ಜಿಯನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಅದರ ಮುಂದಿನ ಪದಗಳು ಮರೆತುಹೋಗಿವೆ. ನಿಮಗೆ ಮೂರು ಪತ್ರ ಬರೆದ ಮೇಲೆ ಆ ರೆಸ್ಪೆಕ್ಟೂ ಅಷ್ಟಕ್ಕಷ್ಟೆ.

ಆಟ ಹೇಗಿದೆಯೆಂದು ಹೇಳುತ್ತೇನೆ, ಬಹುಶಃ ನೀವು ಆಡಿರಲಿಕ್ಕಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಪ್ರತಿ ಮಗುವಿಗೂ ಒಂದು ಖರ್ಜೂರದ ಮರ. ದಿನವೂ ಲೆಕ್ಕ ಮಾಡಿದರೆ ಮರಕ್ಕೆ ನೀರು. ಉತ್ತರ ತಪ್ಪಿದರೆ ಒಂದು ಗರಿ ಉದುರುತ್ತದೆ. ಮೂರು ದಿನ ಬಿಟ್ಟರೆ ಮರವೇ ಒಣಗಿ, ಮತ್ತೆ ಬೀಜದಿಂದ ಆರಂಭ. ಹತ್ತು ವರ್ಷದ ರಾವಿಯಾ ಅದನ್ನು ನೂರಾ ನಲವತ್ತು ದಿನ ಬೆಳೆಸಿದ್ದಳು. ಭಿನ್ನರಾಶಿಯನ್ನು ಮಾತ್ರ ಅವಳಿಗೆ ಕಲಿಸಿದ್ದು ನನ್ನ ಹೆಂಡತಿ ವಿದಾದ್, ಅಡುಗೆಮನೆಯಲ್ಲಿ ಫತೀರ್ ರೊಟ್ಟಿ ಕತ್ತರಿಸುತ್ತ. ತುಪ್ಪ ಕಡಿಮೆ ಹಾಕು ಎಂದು ಡಾಕ್ಟರು ಹೇಳಿದ್ದರು, ಕೇಳಿದವಳಲ್ಲ, ಇರಲಿ. ಅವಳ ಪಾಠದಲ್ಲಿ ತಪ್ಪು ತುಂಡು ಎತ್ತಿದರೆ ಅದನ್ನೂ ತಿನ್ನಬಹುದಿತ್ತು.

ಚಳಿಗಾಲದ ಕೊನೆಗೆ ವಿದಾದ್ ತೀರಿಕೊಂಡಳು. ನಮ್ಮ ದಮನ್‌ಹೂರಿನಲ್ಲಿ ಸಾವಿನ ಮನೆಯಲ್ಲಿ ಮೂರು ದಿನ ಟಿವಿ ಹಾಕುವುದಿಲ್ಲ. ನಾದಿನಿ ಇಹ್ಸಾನ್ ಟ್ಯಾಬ್ಲೆಟ್ಟನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

"ಚಿಕ್ಕಜ್ಜಿ, ಒಂದೇ ನಿಮಿಷ. ನೀರು ಹಾಕಿ ವಾಪಸ್ ಕೊಡ್ತೀನಿ."

"ಅಜ್ಜಿನ ಮಣ್ಣು ಮಾಡಿ ಬಂದ ದಿನ ಆಟ ಬೇಕೇನೇ ನಿಂಗೆ? ಬಂದೋರು ಏನಂದ್ಕೋಬೇಕು?"

"ಆಟ ಅಲ್ಲ, ಹೋಮ್‌ವರ್ಕು."

"ನಿಮ್ಮ ಟೀಚರಮ್ಮಂಗೆ ನಾನ್ ಹೇಳ್ಕೋತೀನಿ. ಸುಮ್ನೆ ಕೂತ್ಕೋ."

ನಾನು ಅಲ್ಲೇ ಇದ್ದೆ. ಬೀಗದ ಕೈ ಕೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ತೆರೆಯ ಮೇಲೆ ಬರೀ ಮರಳು. ಅವಳ ಅಳು ಅಜ್ಜಿಗೋ ಮರಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶಾಲೆಗೆ ಹೋದೆ. ಟೀಚರ್ ಇನ್ಶಿರಾಹ್ ಒಳ್ಳೆಯ ಹೆಂಗಸು. "ಹಾಜಿಯವರೇ, ನನ್ನ ಕೈಲಿ ಏನಿದೆ? ಕೈರೋದ ಇಲಾಖೆಯಲ್ಲಿ ಕೇಳಿದೆ. ಸಾವಿಗೆ ರಜಾ ಕೊಡೋ ಬಟನ್ನೇ ಆಟದಲ್ಲಿ ಇಟ್ಟಿಲ್ವಂತೆ" ಎಂದರು.

ಆಮೇಲೆ ರಾವಿಯಾ ಜಾಣೆಯಾದಳು, ನೀವು ಬಯಸಿದಂತೆಯೇ. ಸುಲಭದ ಲೆಕ್ಕಕ್ಕೂ ಕಷ್ಟದ ಲೆಕ್ಕಕ್ಕೂ ನಿಮ್ಮಲ್ಲಿ ಒಂದೇ ಬಿಂದಿಗೆ ನೀರು. ಹಾಗಿರುವಾಗ ಗರಿ ಕಳೆದುಕೊಳ್ಳಲು ಅವಳಿಗೇನು ಹುಚ್ಚೆ? ಭಿನ್ನರಾಶಿ ಬಲ್ಲ ಹುಡುಗಿ ದಿನಕ್ಕೆ ನಲವತ್ತು ಸಲ ಎರಡಕ್ಕೆ ಎರಡು ಕೂಡಿಸುತ್ತಾಳೆ. ಕಳೆದ ವಾರ ನಿಮ್ಮ ಕಚೇರಿಯಿಂದ 'ಅತ್ಯಂತ ತೊಡಗಿಸಿಕೊಂಡ ವಿದ್ಯಾರ್ಥಿನಿ' ಎಂಬ ಪ್ರಶಸ್ತಿಪತ್ರ ಬಂತು. ಯಾವುದರಲ್ಲಿ ತೊಡಗಿದ್ದಾಳೆಂದು ನಿಮ್ಮಲ್ಲಿ ಒಬ್ಬರಾದರೂ ನೋಡಿದಿರಾ?

ಶುಕ್ರವಾರ ಊಟದ ಮೇಲೆ ಕಿತ್ತಳೆ ಸುಲಿದು ಎಂಟು ತೊಳೆ ತಟ್ಟೆಯಲ್ಲಿಟ್ಟೆ. "ಕಾಲು ಭಾಗ ತಗೋ ಮಗಳೇ" ಎಂದೆ. ಅವಳು ಕೈ ಚಾಚಲಿಲ್ಲ.

"ತಪ್ಪಾದ್ರೆ ಏನು ಹೋಗುತ್ತೆ, ತಾತ?"

"ಏನೂ ಹೋಗಲ್ಲ."

"ಹಾಗಂದ್ರೆ ನೀನೇ ತೆಗೆದು ಕೊಡು."

ನನ್ನ ಬೇಡಿಕೆ ದೊಡ್ಡದಲ್ಲ. ತಪ್ಪಿಗೆ ಗರಿ ಕೀಳುವುದನ್ನು ನಿಲ್ಲಿಸಿ. ಕಷ್ಟದ ಲೆಕ್ಕಕ್ಕೆ ಕೈ ಹಾಕಿದ ಮಗುವಿಗೆ, ತಪ್ಪಿದರೂ, ನೀರು ಕೊಡಿ. ನೀವು ಮಾಡುವುದಿಲ್ಲವೆಂದು ಗೊತ್ತು. ಹಾಗಾದರೆ ನಿಮ್ಮಲ್ಲೊಬ್ಬರು ಬಂದು ಅವಳೆದುರು ಕೂತು, ತಪ್ಪಿದರೆ ಏನೂ ಹೋಗುವುದಿಲ್ಲವೆಂದು ಹೇಳಿ. ನನ್ನ ಮಾತನ್ನು ಅವಳು ನಂಬುತ್ತಿಲ್ಲ.

ಇಂತಿ, ಉತ್ತರ ಬಾರದೆಂದು ತಿಳಿದೂ ಅಂಚೆಚೀಟಿ ಹಚ್ಚಿದ,
ರಮ್ಸಿ ಶಲಬಿ
ನಿವೃತ್ತ ಅಂಚೆ ಗುಮಾಸ್ತ, ದಮನ್‌ಹೂರ್