ಕತ್ಲಯ್ಯ ದಿನಾ ಬರೋನಲ್ಲ

ಭಿವಂಡಿ
೧೯ ಆಗಸ್ಟ್ ೧೯೮೮

ಲೋ ಕದಿರಾ, ನನ್ನ ಮುದ್ದು ತಮ್ಮಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಇಳಿಯಿತಾ? ಎಣ್ಣೆ ತಿಕ್ಕುತ್ತಿದ್ದೀಯೋ, ಇಲ್ಲ ಅದನ್ನೂ ಹೆಂಡತಿ ತಲೆಗೆ ಕಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ. ಬರೆಯೋಕೆ ಕೂತರೆ ಸಿಟ್ಟಿಗೆ ಪೆನ್ನಿನ ಮುಳ್ಳೇ ಮುರಿಯುತ್ತೆ, ಅದಕ್ಕೇ ರೂಮಿನ ಪೆರುಮಾಳ್ ಹತ್ತಿರ ಟೇಪ್ ರೆಕಾರ್ಡರ್ ಇಸಕೊಂಡು ಮಾತಾಡುತ್ತಿದ್ದೇನೆ. ಈ ಕ್ಯಾಸೆಟ್ಟನ್ನು ಅಮ್ಮನ ಮುಂದೆ ಹಾಕಬೇಡ.

ಊರಿಗೆ ಹೋಗಿ ಬಂದ ಪೆರುಮಾಳ್ ನೀನು ಕೊಟ್ಟ ಹಾಳೆ ತಂದ. ಚಿಕ್ಕವೆಂಕಟಮ್ಮಜ್ಜಿ ಗಣಿ ಕೂಲಿಯವರ ನಮ್ಮ ಲೈನು ಮನೆಯ ನೆಲದ ಮೇಲೆ ಸುಣ್ಣದಲ್ಲಿ ಬರೆದು ಆಡಿಸುತ್ತಿದ್ದ ಗಣಿ ಆಟ. ಅದನ್ನು ಆಂಡರ್ಸನ್‌ಪೇಟೆಯಲ್ಲಿ ಅಚ್ಚು ಹಾಕಿಸಿ ಮಾರುತ್ತೀಯಂತೆ. ಮಾರು, ಬೇಡ ಅನ್ನಲ್ಲ. ಆದರೆ ಏನೋ ಇದು? ಗಣಿಯಡಿಯ ದೆವ್ವ ಅವನು, ಆಟದ ಮನೆಮನೆಗೂ ಒಬ್ಬ ಕತ್ಲಯ್ಯ! ಇಳಿದರೆ ಕತ್ಲಯ್ಯ, ಹತ್ತಿದರೆ ಕತ್ಲಯ್ಯ, ಅವನಿಗೆ ಕೋರೆಹಲ್ಲು ಬೇರೆ. ಅವನಿಂದ ಬಿಡಿಸಿಕೊಳ್ಳೋಕೆ ಆಡುವವರ ಕೈಗೆಲ್ಲ ಹಿಡಿತುಂಬಾ ಮಂತ್ರದ ಚೀಟಿ. ಕಡಲೆಪುರಿ ಏನೋ ಅದು? ಅಜ್ಜಿ ಇದ್ದಿದ್ದರೆ ಪೊರಕೆ ತಗೊಳ್ಳುತ್ತಿದ್ದಳು.

"ಈಗಿನ ಮಕ್ಳಿಗೆ ಬೇಜಾರಾಗ್ತದಣ್ಣಾ" ಅಂತ ಹೇಳಿ ಕಳಿಸಿದ್ದೀಯ. ನಮಗೆ ಬೇಜಾರಾಗಿತ್ತೇನೋ? ತೀರಾ ಅಡಿಯ ಮನೆಗೆ ಇಳಿದಾಗ, ಎಸೆದ ಹುಣಿಸೆ ಬೀಜವೆಲ್ಲ ಕಪ್ಪು ಮಗ್ಗುಲು ಮೇಲಾಗಿ ಬಿದ್ದರೆ ಮಾತ್ರ ಕತ್ಲಯ್ಯ. ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬರದೇ ಇದ್ದಿದ್ದಕ್ಕೇ ಒಂದೊಂದು ಎಸೆತಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಅಜ್ಜಿ ಅವನಿಗೆ ಮುಖವನ್ನೇ ಬರೆದಿರಲಿಲ್ಲ. ದಿನಾ ಬರಲಿ ಅಂತ ನೀನು ಹಟ ಹಿಡಿದಾಗ ಏನಂದಳು? "ದಿನಾ ಬರೋನು ದೆವ್ವ ಅಲ್ಲ ಕಣ್ಲಾ, ನೆಂಟ. ಅವುನ್ಗೆ ಮುದ್ದೆ ಯಾರ್ ಮಾಡಾಕ್ತಾರೆ, ನಿಮ್ಮಮ್ಮಾನಾ?"

ಮಂತ್ರವೂ ಅಷ್ಟೇ. ತಲೆಗೊಂದು ಗುಲಗಂಜಿ, ಜನ್ಮಕ್ಕೆ ಒಂದೇ. ಅಡಿಯಲ್ಲಿ ಕತ್ಲಯ್ಯನ ಕೈಗೆ ಸಿಕ್ಕವನು ತನ್ನದನ್ನು ತಾನೇ ಬಳಸುವಂತಿಲ್ಲ. ಮೇಲಿರುವವನು ತನ್ನ ಗುಲಗಂಜಿ ಒಲೆಗೆ ಹಾಕಿ, ಹೆಸರು ಹಿಡಿದು ಕೂಗಬೇಕು. ಆಗಲೇ ಅವನು ಮೇಲೆ ಬರೋದು. ಸುಟ್ಟರೆ ಮುಗಿಯಿತು, ಅಜ್ಜಿ ಇನ್ನೊಂದು ಕೊಡುತ್ತಿರಲಿಲ್ಲ.

ಅಪ್ಪ ನಂದಿದುರ್ಗ ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡ ಮೇಲೆ, ಮೊದಲ ಸಲ ಆಟಕ್ಕೆ ಕೂತಾಗ ಕತ್ಲಯ್ಯ ಬಂದಿದ್ದು ನಿನಗೆ. ನೀನು ಅಳಲೂ ಇಲ್ಲ, ಉಸಿರು ಹಿಡಿದು ಕೂತುಬಿಟ್ಟೆ. ಅಮ್ಮ ರಾಗಿ ಬೀಸೋದು ನಿಲ್ಲಿಸಿದಳು. ನನ್ನ ಗುಲಗಂಜಿ ಒಲೆಯಲ್ಲಿ ಚಟ್ ಅಂತ ಸಿಡಿಯಿತು. "ಕದಿರಾ, ಬಾರ್ಲಾ ಮೇಲಕ್ಕೆ!" ಅಂತ ನಾನು ಕೂಗಿದ್ದು ಇಡೀ ಲೈನಿಗೆ ಕೇಳಿಸಿತ್ತು. ಆಮೇಲೇ ಕಣೋ ನೀನು ಅತ್ತಿದ್ದು. ಹಿಡಿತುಂಬಾ ಚೀಟಿ ಇದ್ದಿದ್ದರೆ ಆ ಕೂಗಿಗೆ ಏನು ಬೆಲೆಯೋ, ದಡ್ಡಾ?

ಆ ಹಾಳೆ ಹರಿದು ಹಾಕು. ಒಬ್ಬನೇ ಕತ್ಲಯ್ಯ, ಮುಖ ಬೇಡ. ತಲೆಗೊಂದೇ ಗುಲಗಂಜಿ. ಆಗಲ್ಲ ಅಂದರೆ ಅಚ್ಚು ಹಾಕಿಸಿಕೋ ಹೋಗು, ಅಜ್ಜಿಯ ಆಟ ಅಂತ ಮಾತ್ರ ಅನ್ನಬೇಡ.

ಅಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ನಿನಗೆ ಬೈದಿದ್ದಷ್ಟೂ ಆಶೀರ್ವಾದ ಅಂದುಕೋ.

ನಿನ್ನ ಅಣ್ಣ,
ಸೀನಪ್ಪ

ಮತ್ತೆ, ಟೇಪು ಮುಗೀತಾ ಬಂತು, ಬೇಗ ಹೇಳಿಬಿಡುತ್ತೇನೆ. ಚೆನ್ನಾಗಿದ್ದೇನೆ ಅಂದಿದ್ದು ಸುಳ್ಳು ಕಣೋ. ನಾನು ಕೆಲಸಕ್ಕಿದ್ದ ಮಗ್ಗದ ಕಾರ್ಖಾನೆಗೆ ಬೀಗ ಬಿದ್ದಿದೆ, ಪೆರುಮಾಳ್ ಹಾಕಿದ್ದು ತಿನ್ನುತ್ತಿದ್ದೇನೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಇನ್ನು ಈ ಮಣ್ಣು ಮೆಟ್ಟಲ್ಲ ಅಂತ ಎಲ್ಲರೆದುರು ಕೂಗಾಡಿ ರೈಲು ಹತ್ತಿದವನು ನಾನು. ನಾನಾಗಿ ಹೇಗೆ ಬರಲಿ? ನಿನ್ನ ಗುಲಗಂಜಿ ಇನ್ನೂ ಇದ್ದರೆ ಒಲೆಗೆ ಹಾಕು, ಕದಿರಾ. ಜೋರಾಗಿ ಕೂಗು.